ಸರೋವರದ ತಳದ ಕಾರು

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರೊಂದೇ ಸಾಲದು, ಆಮ್ಲಜನಕವೂ ಬೇಕು. ಕುದಿಸಿ ಆರಿಸಿದ ನೀರಿನಲ್ಲಿ ಮೊಳೆ ಹಾಕಿ, ಮೇಲೆ ಎಣ್ಣೆ ಸುರಿದಿಟ್ಟ ಪ್ರನಾಳ ಶಾಲೆಯಲ್ಲಿ ಇದನ್ನೇ ತೋರಿಸುತ್ತದೆ. ಸ್ವಿಟ್ಜರ್ಲೆಂಡಿನ ಆಸ್ಕೋನಾ ಊರಿನ ಬಳಿ, ಮಜೋರೆ ಸರೋವರದ ತಳದಲ್ಲಿ ಇಂಥದೇ ಪ್ರಯೋಗ ಎಪ್ಪತ್ತು ವರ್ಷ ತಾನಾಗಿಯೇ ನಡೆಯಿತು.

ಅಲ್ಲಿದ್ದುದು 1925ರ ಬುಗಾಟಿ ಬ್ರೆಸಿಯಾ ಕಾರು. ಆಮದು ಸುಂಕ ಕಟ್ಟದ ಕಾರಣ ಅಧಿಕಾರಿಗಳು 1936ರಲ್ಲಿ ಅದನ್ನು ನೀರಿಗಿಳಿಸಿದರೆಂದು ಹೇಳುತ್ತಾರೆ. 1967ರಲ್ಲಿ ಸುಮಾರು 53 ಮೀಟರ್ ಆಳದಲ್ಲಿ ಮುಳುಗುಗಾರರ ಕಣ್ಣಿಗೆ ಬಿತ್ತು. ಮೇಲೆ ಬಂದದ್ದು 2009ರ ಜುಲೈನಲ್ಲಿ. ಹೂಳಿನಲ್ಲಿ ಹುದುಗಿದ್ದ ಮಗ್ಗುಲಿಗೆ ಆಮ್ಲಜನಕ ಹೆಚ್ಚು ತಲುಪದೆ ಅದು ಉಳಿದಿತ್ತು. ನೀರಿಗೆ ತೆರೆದಿದ್ದ ಮಗ್ಗುಲು ತಿಂದುಹೋಗಿತ್ತು.

ಮುಳುಗುಗಾರರು ಅದನ್ನು ಎತ್ತಿದ್ದು ಶೋಕಿಗಲ್ಲ. 2008ರಲ್ಲಿ ಲೊಕಾರ್ನೋ ಪಟ್ಟಣದಲ್ಲಿ ಕೆಲವು ತರುಣರ ಹೊಡೆತಕ್ಕೆ ಯುವಕನೊಬ್ಬ ಪ್ರಾಣ ಬಿಟ್ಟಿದ್ದ. ತರುಣರ ಹಿಂಸೆ ತಡೆಯಲು ಅವನ ಹೆಸರಿನಲ್ಲಿ ಹುಟ್ಟಿದ ಪ್ರತಿಷ್ಠಾನಕ್ಕೆ ಹಣ ಬೇಕಿತ್ತು. 2010ರ ಜನವರಿಯಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಆ ತುಕ್ಕಿನ ರಾಶಿಗೆ 2,60,500 ಯೂರೋ ಬಂತು!

ಕೊಂಡವರು ಅಮೆರಿಕದ ಸಂಗ್ರಾಹಕ ಪೀಟರ್ ಮಲಿನ್. ಅವರು ಕಾರನ್ನು ರಿಪೇರಿ ಮಾಡಿಸದೆ, ಇದ್ದಂತೆಯೇ ತಮ್ಮ ವಸ್ತುಸಂಗ್ರಹಾಲಯದಲ್ಲಿಟ್ಟರು. ಹೊಸ ತಗಡು ಜೋಡಿಸಿ ಬಣ್ಣ ಬಳಿದಿದ್ದರೆ ಅದು ಹೊಳೆಯುತ್ತಿತ್ತು ನಿಜ, ಆದರೆ ಸರೋವರ ಕಲಿಸಿದ ಪಾಠ ಅಳಿಸಿಹೋಗುತ್ತಿತ್ತು.

ಹಿತ್ತಲಿನ ಹಳೆಯ ಸೈಕಲ್ಲನ್ನು ಗುಜರಿಗೆ ಹಾಕುವ ಮುನ್ನ ತಂದೆತಾಯಿ ಅದನ್ನೊಮ್ಮೆ ಮಕ್ಕಳ ಮುಂದೆ ನಿಲ್ಲಿಸಲಿ. ತುಕ್ಕು ಎಲ್ಲಿ ಹಿಡಿದಿದೆ, ಎಲ್ಲಿ ಹಿಡಿದಿಲ್ಲ, ಏಕೆ? ಉತ್ತರ ಹುಡುಕುವುದು ಮಕ್ಕಳಿಗೇ ಇರಲಿ.