ಆಟದ ಕೋಣೆಗೆ ಬೀಗವೇಕೆ?

ಗೆಳೆಯರ ಗುಂಪೊಂದು ಹಣ ತೆತ್ತು ಕೋಣೆಯೊಳಗೆ ಬಂಧಿಯಾಗುತ್ತದೆ. ಪತ್ತೇದಾರರಂತೆ ಸುಳಿವು ಹುಡುಕಿ, ಒಗಟು ಬಿಡಿಸಿ, ಸಾಮಾನ್ಯವಾಗಿ 60 ನಿಮಿಷಗಳೊಳಗೆ ಹೊರಬರಬೇಕು. 2007ರಲ್ಲಿ ಜಪಾನಿನ ಕ್ಯೋಟೋದಲ್ಲಿ ತಕಾವೊ ಕಾಟೊ ಆರಂಭಿಸಿದ ಈ ‘ಎಸ್ಕೇಪ್ ರೂಮ್’ ಆಟ ಬೆಂಗಳೂರಿಗೂ ಬಂದಿದೆ. ಮಿತ್ರರು ಮೊಬೈಲ್ ಬದಿಗಿಟ್ಟು ಒಟ್ಟಾಗಿ ತಲೆ ಓಡಿಸುವುದಾದರೆ ಸಂತೋಷವೇ. ನಮ್ಮ ತಕರಾರು ಬೀಗದ ಬಗ್ಗೆ.

2019ರ ಜನವರಿ 4ರಂದು ಪೋಲೆಂಡಿನ ಕೊಶಾಲಿನ್ ನಗರದಲ್ಲಿ ಹುಟ್ಟುಹಬ್ಬ ಆಚರಿಸಲು ಇಂತಹ ಕೋಣೆಗೆ ಹೋದ 15 ವರ್ಷದ ಐವರು ಗೆಳತಿಯರು ಮನೆಗೆ ಮರಳಲಿಲ್ಲ. ಬೆಂಕಿ ಹೊತ್ತಿಕೊಂಡಾಗ ಪಾರಾಗಲು ಬೇರೆ ದಾರಿಯಿರಲಿಲ್ಲ. ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಅವರ ಉಸಿರು ನಿಲ್ಲಿಸಿತು. ಸರಕಾರ ದೇಶದಾದ್ಯಂತ ಇಂತಹ ಕೋಣೆಗಳ ತಪಾಸಣೆಗಿಳಿದದ್ದು ಆ ನಂತರ! ಐದು ಜೀವಗಳು ಹೋದ ಮೇಲೆ ಎಚ್ಚರವಾದರೆ ಯಾರಿಗೆ ಲಾಭ?

ಬೀಗವಿಲ್ಲದಿದ್ದರೆ ರೋಚಕತೆ ಎಲ್ಲಿ ಎನ್ನುವವರಿದ್ದಾರೆ. ರೋಚಕತೆ ಬೇಕಾದರೆ ಒಗಟನ್ನು ಕಠಿಣಗೊಳಿಸಿ. ಒಳಗಿನಿಂದ ತಳ್ಳಿದೊಡನೆ ತೆರೆಯುವ ಬಾಗಿಲಿದ್ದರೆ ಯಾವ ಪತ್ತೇದಾರನ ಬುದ್ಧಿ ಮಂಕಾದೀತು? ಪರವಾನಿಗೆ ಕೊಡುವ ಅಧಿಕಾರಿಗಳು ಆ ಬಾಗಿಲನ್ನು ತಾವೇ ತಳ್ಳಿ ನೋಡಲಿ. ಮಕ್ಕಳನ್ನು ಕಳಿಸುವ ಹೆತ್ತವರೂ ಟಿಕೆಟ್ ಕೊಳ್ಳುವ ಮುನ್ನ ಕೇಳಲಿ: ತುರ್ತು ದ್ವಾರ ಎಲ್ಲಿದೆ? ತೋರಿಸಲಾಗದಿದ್ದರೆ ಮರಳಿ ಬರುವುದೇ ಜಾಣತನ.