ಉಳುವ ಎತ್ತಿಗೂ ಒಂದು ಓಟವಿರಲಿ

ಕಾರಹುಣ್ಣಿಮೆಯ ಸಂಜೆ ನಮ್ಮ ಮಾಗಳದ ಕಡೆ ಕರಿ ಹರಿಯುವುದನ್ನು ನೋಡಿದವರಿಗೆ ಅದರ ಲೆಕ್ಕ ಗೊತ್ತು. ಎತ್ತುಗಳ ಮೈಗೆ ಬಣ್ಣ ಬಳಿದು, ಕೊಂಬಿಗೆ ಗೊಂಡೆ ಕಟ್ಟಿ ಓಡಿಸುತ್ತಾರೆ. ಮೊದಲು ಬಂದದ್ದು ಕೆಂದೆತ್ತೋ ಬಿಳಿ ಎತ್ತೋ ಎಂಬುದನ್ನು ನೋಡಿ, ಆ ವರ್ಷ ಯಾವ ಬಣ್ಣದ ಬೆಳೆ ಹುಲುಸಾಗಿ ಬರುತ್ತದೆ ಎಂದು ಹಿರಿಯರು ಹೇಳುತ್ತಾರೆ. ನಂಬುವುದು ಬಿಡುವುದು ಬೇರೆ ಮಾತು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ವರ್ಷ ಯಾರೋ ಗಾಡಿ ಓಟದ ಸ್ಪರ್ಧೆಗೆಂದೇ ಸಾಕಿದ ಎತ್ತನ್ನು ತಂದು ಬಿಟ್ಟರು. ಉಳಿದವು ಅರ್ಧ ದಾರಿಯಲ್ಲಿರುವಾಗಲೇ ಅದು ಕರಿ ಹರಿದಿತ್ತು. ಹುಡುಗರೆಲ್ಲ ಕೇಕೆ ಹಾಕಿದೆವು. ಅಜ್ಜ ಮಾತ್ರ, "ಒಂದಿನಾನೂ ಗಳೇವು ಹೊಡದ ಎತ್ತಲ್ಲ ಅದು. ಬೆಳಿ ಬಗ್ಗೆ ಅದೇನ್ ಹೇಳ್ತತಿ?" ಅಂದಿದ್ದರು.

ಆ ಮಾತು ಮತ್ತೆ ನೆನಪಾದದ್ದು ಮೊನ್ನೆ, ಆಸ್ಟ್ರೇಲಿಯಾದ ಒಂದು ಕಾರ್ ರೇಸಿನ ಕತೆ ಓದುವಾಗ. ಅಲ್ಲಿನ ಬ್ಯಾಥರ್ಸ್ಟ್ ಊರಿನ ಮೌಂಟ್ ಪನೋರಮಾ ಗುಡ್ಡದ ಮೇಲೆ 6.2 ಕಿ.ಮೀ. ಉದ್ದದ ಟ್ರ್ಯಾಕ್ ಇದೆ. 1991ರಲ್ಲಿ ಅಲ್ಲಿ 12 ಗಂಟೆಗಳ ಓಟ ಶುರುವಾಯಿತು. ಷರತ್ತು ಸರಳ: ಓಡುವುದು ಶೋರೂಮಿನಲ್ಲಿ ಸಿಗುವ ಕಾರೇ ಆಗಿರಬೇಕು. ಚಾಲಕನ ರಕ್ಷಣೆಗೆ ಒಳಗೆ ಕಬ್ಬಿಣದ ಪಂಜರ ಕೂಡಿಸಬಹುದು, ಇನ್ನು ಕೆಲವು ಸಣ್ಣಪುಟ್ಟ ಬದಲಾವಣೆ ಮಾಡಿಕೊಳ್ಳಬಹುದು, ಅಷ್ಟೇ. ಮೊದಲ ವರ್ಷ ಟೊಯೋಟಾ ಸುಪ್ರಾ ಗೆದ್ದಿತು. ಮುಂದಿನ ನಾಲ್ಕು ವರ್ಷ ಮಜ್ದಾ ಆರ್‌ಎಕ್ಸ್-7. ನಡುವೆ ನಿಂತುಹೋಗಿದ್ದ ಓಟ 2007ರಲ್ಲಿ ಮತ್ತೆ ಆರಂಭವಾದಾಗ ಬಿಎಂಡಬ್ಲ್ಯು 335ಐ, ಆಮೇಲೆ ಎರಡು ಸಲ ಮಿತ್ಸುಬಿಷಿ ಲ್ಯಾನ್ಸರ್ ಗೆದ್ದವು. ಹನ್ನೆರಡು ಗಂಟೆ ಗುಡ್ಡ ಹತ್ತಿಳಿದರೆ ಬ್ರೇಕು ಕಾಯುತ್ತದೆ, ಗೇರ್‌ಬಾಕ್ಸು ಬೇಡುತ್ತದೆ, ಟೈರು ಸವೆಯುತ್ತದೆ. ನಿಮ್ಮ ಮನೆ ಮುಂದೆ ನಿಲ್ಲಬಹುದಾದ ಕಾರು ಎಷ್ಟು ತಡೆದುಕೊಳ್ಳುತ್ತದೆ ಎಂಬ ಪ್ರಶ್ನೆಗೆ ಆ ಓಟ ಉತ್ತರ ಕೊಡುತ್ತಿತ್ತು.

2011ರಲ್ಲಿ ಅದೇ ಓಟಕ್ಕೆ ಜಿಟಿ3 ಕಾರುಗಳನ್ನು ಬಿಟ್ಟರು. ಹೆಸರಿಗೆ ಇವೂ ಆಡಿ ಆರ್8, ಫೆರಾರಿ 458. ಆದರೆ ಹುಟ್ಟಿದ್ದೇ ಟ್ರ್ಯಾಕಿಗಾಗಿ. ನಂಬರ್ ಪ್ಲೇಟ್ ಹಾಕಿ ರಸ್ತೆಗಿಳಿಸುವಂತಿಲ್ಲ. ಆ ವರ್ಷ ಮೊದಲ ಎರಡೂ ಸ್ಥಾನ ಆಡಿ ಕಾರುಗಳಿಗೆ ಹೋದವು. ಅಲ್ಲಿಂದಾಚೆಗೆ ಒಟ್ಟು ಗೆಲುವಿನ ಪಟ್ಟಿಯಲ್ಲಿ ಮರ್ಸಿಡಿಸ್, ಫೆರಾರಿ, ನಿಸ್ಸಾನ್ ಜಿಟಿ-ಆರ್ ಬಂದವೇ ಹೊರತು ಶೋರೂಮ್ ಕಾರಿನ ಹೆಸರು ಬರಲಿಲ್ಲ. ಕೆಲ ವರ್ಷ ಅವು ಕೆಳಗಿನ ದರ್ಜೆಗಳಲ್ಲಿ ಓಡಿದವು, ಕ್ರಮೇಣ ಕರಗಿದವು.

ತಪ್ಪು ಯಾರದು? ಸಂಘಟಕರನ್ನು ಬೈಯುವುದು ಸುಲಭ. ಜಿಟಿ3 ಬಂದ ಮೇಲೆಯೇ ಆ ಓಟದ ಹೆಸರು ಜಗತ್ತಿಗೆ ಕೇಳಿಸಿತು ಎಂಬುದೂ ನಿಜ. ಯುರೋಪಿನ ಕಂಪನಿಗಳು ಬಂದವು, 2016ರಲ್ಲಿ ಅದು ಅಂತರರಾಷ್ಟ್ರೀಯ ಜಿಟಿ ಸರಣಿಯ ಭಾಗವಾಯಿತು. ಒಂದು ರೇಸ್ ಉಳಿಯಬೇಕಾದರೆ ಹಣ ಬೇಕು, ನೋಡುವವರೂ ಬೇಕು. ಜಿಟಿ3 ಕಾರುಗಳು ಬರಲೇಬಾರದಿತ್ತು ಎಂದು ನಾನು ಹೇಳಲಾರೆ. (ಫೆರಾರಿ ಓಡುವುದನ್ನು ನೋಡಲು ನಾನೂ ಬೆಳಿಗ್ಗೆ ಅಲಾರಂ ಇಟ್ಟು ಏಳುವವನೇ.)

ಆದರೆ ಒಂದು ಲೆಕ್ಕ ಹಾಕಿ. ಒಂದು ಕಾರು ಸುತ್ತು ಮುಗಿಸಲು 2 ನಿಮಿಷ 10 ಸೆಕೆಂಡ್, ಇನ್ನೊಂದು 2 ನಿಮಿಷ 40 ಸೆಕೆಂಡ್ ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳೋಣ. ಹನ್ನೊಂದೂವರೆ ನಿಮಿಷಕ್ಕೊಮ್ಮೆ ಮೊದಲನೆಯದು ಎರಡನೆಯದನ್ನು ಒಂದು ಸುತ್ತು ಹಿಂದೆ ಹಾಕುತ್ತದೆ. 12 ಗಂಟೆಯಲ್ಲಿ 60ಕ್ಕೂ ಹೆಚ್ಚು ಸಲ! ಅಂಥ ಜಿಟಿ ಕಾರು ಒಂದಲ್ಲ, ಹತ್ತಾರಿದ್ದರೆ? ಗುಡ್ಡದ ಮೇಲಿನ ಟ್ರ್ಯಾಕ್ ಕಿರಿದು, ಪಕ್ಕದಲ್ಲೇ ಕಾಂಕ್ರೀಟ್ ಗೋಡೆ. ಸಣ್ಣ ಕಾರಿನ ಚಾಲಕ ತನ್ನ ಓಟ ಓಡುವುದು ಬಿಟ್ಟು ದಿನವಿಡೀ ಕನ್ನಡಿ ನೋಡಿಕೊಂಡು ದಾರಿ ಬಿಡಬೇಕು. ಅವನಿಗೆ ಅಪಾಯ, ಹಿಂದಿನವನಿಗೆ ಕಿರಿಕಿರಿ.

ನನ್ನ ತಕರಾರು ಇರುವುದು ಅನುಕ್ರಮದ ಬಗ್ಗೆ. ಶೋರೂಮ್ ಕಾರುಗಳಿಗೆಂದೇ ಅದೇ ಗುಡ್ಡದ ಮೇಲೆ 'ಬ್ಯಾಥರ್ಸ್ಟ್ 6 ಅವರ್' ಎಂಬ ಬೇರೆ ಓಟ ಶುರುವಾದದ್ದು 2016ರಲ್ಲಿ. ಅಂದರೆ ಮನೆಯವರನ್ನು ಪಡಸಾಲೆಗೆ ಕಳಿಸಿ ಐದು ವರ್ಷವಾದ ಮೇಲೆ ಅವರಿಗೊಂದು ಕೋಣೆ ಕಟ್ಟಿಸಿದ ಹಾಗೆ. ಮೊದಲು ಕೋಣೆ ಕಟ್ಟಿ ಆಮೇಲೆ ನೆಂಟರನ್ನು ಕರೆಯಬಹುದಿತ್ತಲ್ಲ?

ನಮ್ಮಲ್ಲಿ ಇದನ್ನು ಸರಿಯಾಗಿ ಮಾಡಿದವರಿದ್ದಾರೆ. ಕಂಬಳದಲ್ಲಿ ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ ಎಂದು ಕೋಣಗಳಿಗೆ ವಿಭಾಗಗಳಿವೆ. ಕಿರಿಯ ಕೋಣ ಗೆದ್ದರೆ ಅದೂ ಪೂರ್ತಿ ಗೆಲುವೇ. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಬಾಹಾ ಎಸ್‌ಎಇ ಸ್ಪರ್ಧೆಯನ್ನೇ ನೋಡಿ. ಅಲ್ಲೂ ನಾಲ್ಕು ಗಂಟೆಗಳ ತಾಳಿಕೆಯ ಓಟವಿದೆ. ಪೆಟ್ರೋಲ್ ಗಾಡಿಗಳ ವಿಭಾಗದಲ್ಲಿ ಎಲ್ಲ ತಂಡಗಳಿಗೂ 10 ಎಚ್‌ಪಿಯ ಒಂದೇ ಬಗೆಯ ಎಂಜಿನ್. ದುಡ್ಡಿರುವ ಕಾಲೇಜು ದೊಡ್ಡ ಎಂಜಿನ್ ಕೂಡಿಸಿ ಗೆಲ್ಲುವ ಹಾಗಿಲ್ಲ, ಸಸ್ಪೆನ್ಷನ್ನು, ಚಾಸಿಸ್ಸಿನ ತೂಕದಲ್ಲಿ ತಲೆ ಓಡಿಸಬೇಕು. 2015ರಲ್ಲಿ ಎಲೆಕ್ಟ್ರಿಕ್ ಗಾಡಿಗಳು ಬಂದಾಗ ಅವನ್ನು ಪೆಟ್ರೋಲಿನವುಗಳ ಜೊತೆ ಕಲಸದೆ, ಇ-ಬಾಹಾ ಎಂದು ಬೇರೆಯೇ ವಿಭಾಗ ಮಾಡಿದರು. ಸಣ್ಣ ಊರಿನ ಕಾಲೇಜಿನ ಹುಡುಗ ಹುಡುಗಿಯರು ವೆಲ್ಡಿಂಗ್ ಕಲಿತು, ಚಂದಾ ಎತ್ತಿ, ಇಂಥ ಸ್ಪರ್ಧೆಗೆ ಗಾಡಿ ಕಟ್ಟುವ ಧೈರ್ಯ ಮಾಡುವುದು ಇದರಿಂದಲೇ. ನಾಳೆ ಇಂಟರ್‌ವ್ಯೂನಲ್ಲಿ ಅವರು ಹೇಳಿಕೊಳ್ಳುವುದೂ ಆ ಗಾಡಿಯ ಬಗ್ಗೆಯೇ.

ನಮ್ಮ ಕಾಲೇಜಿನ ಟೆಕ್ ಫೆಸ್ಟಿನಲ್ಲೂ ರಿಮೋಟ್ ಕಾರುಗಳ ಒಂದು ಗಂಟೆಯ ಓಟವಿದೆ. ಹೋದ ವರ್ಷ ಒಂದು ತಂಡ ರೆಡಿಮೇಡ್ ರೇಸಿಂಗ್ ಕಾರು ಕೊಂಡು ತಂದಿತ್ತು. ನಿಯಮದಲ್ಲಿ ಬೇಡ ಎಂದಿರಲಿಲ್ಲ, ಗೆದ್ದುಕೊಂಡು ಹೋಯಿತು. ಹಳೆಯ ಡ್ರಿಲ್ಲಿಂಗ್ ಮಷಿನ್ನಿನ ಮೋಟಾರು ಕಿತ್ತು ಕಾರು ಮಾಡಿದ್ದ ಡಿಪ್ಲೊಮಾ ಹುಡುಗರು ಈ ಸಲ ಹೆಸರೇ ಕೊಟ್ಟಿಲ್ಲ. ಈ ವರ್ಷದ ಸಮಿತಿಯಲ್ಲಿ ನಾನೂ ಇದ್ದೇನೆ. ಎರಡು ವಿಭಾಗ ಮಾಡೋಣ ಎಂದರೆ ಎರಡು ಕಪ್ಪಿಗೆ ದುಡ್ಡಿಲ್ಲ ಎನ್ನುತ್ತಿದ್ದಾರೆ. ಒಂದೇ ಕಪ್ಪಾದರೆ ಅದು ಕೈಯಾರೆ ಮಾಡಿದ ಕಾರಿಗೇ ಹೋಗಲಿ, ಕೊಂಡುತಂದದ್ದಕ್ಕೆ ಸರ್ಟಿಫಿಕೇಟ್ ಸಾಕು ಎಂದು ಬರೆದುಕೊಟ್ಟಿದ್ದೇನೆ. ಸೋಮವಾರ ಮೀಟಿಂಗ್ ಇದೆ.