ರೊಟ್ಟಿ ಬಡಿಯುವ ಕೈಯ ಕೂಲಿ ಯಾವ ಸಾಲಿನಲ್ಲಿದೆ?

ಕಂಪ್ಯೂಟರ್ ಕಲಿತ ಹುಡುಗರಿಗೆ ಇತ್ತೀಚೆಗೆ ಇನ್ನೊಂದು ಉದ್ಯೋಗ ಅಂಟಿಕೊಂಡಿದೆ. ಅದು ಉಪದೇಶ. ತಮ್ಮ ಕೆಲಸದ ಬಗ್ಗೆ ಅವರು ಮಾತನಾಡಿದರೆ ಯಾರೂ ಬೇಡವೆನ್ನುವುದಿಲ್ಲ. ಆದರೆ ಅವರು ಅಲ್ಲಿಗೆ ನಿಲ್ಲಬೇಕಲ್ಲ! ಮಕ್ಕಳು ಏನು ಕಲಿಯಬೇಕು, ನಾವು ಏನು ಉಣ್ಣಬೇಕು, ಓಣಿಯ ಹೆಂಗಸರು ಹೇಗೆ ದುಡ್ಡು ಗಳಿಸಬೇಕು, ಈ ಮೂರರ ಬಗ್ಗೆಯೂ ಅವರ ಹತ್ತಿರ ತೀರ್ಪು ತಯಾರಿರುತ್ತದೆ. ಒಂದು ಕೈಯಲ್ಲಿ ಚಹಾದ ಕಪ್ಪು, ಒಂದು ಕಣ್ಣು ಮೊಬೈಲಿನ ಮೇಲೆ ಇಟ್ಟುಕೊಂಡೇ ಕೊಡುವ ತೀರ್ಪು.

ನನ್ನ ತಂಗಿಯ ಮಗ ಅಂಥವನೇ. ಬೆಂಗಳೂರಿನ ಒಂದು ಕಂಪನಿಗಾಗಿ ವೆಬ್‌ಸೈಟುಗಳನ್ನು ಕಟ್ಟುತ್ತಾನೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ವಿಜಯಪುರಕ್ಕೆ ಬಂದವನು, ಈಗಲೂ ವರ್ಷದಲ್ಲಿ ಐದಾರು ತಿಂಗಳು ಇಲ್ಲಿಂದಲೇ ಕೆಲಸ ಮಾಡುತ್ತಾನೆ. ಒಳ್ಳೆಯ ಹುಡುಗ. ಚಟಗಳಿಲ್ಲ, ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಮಾತಿನಲ್ಲಿ ಪ್ರತಿ ಸಲವೂ ಒಂದೇ ಸಂಗತಿ ಬಿಟ್ಟುಹೋಗುತ್ತದೆ, ಸಿಟ್ಟು ಅದರ ಮೇಲೆ. ತಿಕೋಟಾದಿಂದ, ಬಬಲೇಶ್ವರದಿಂದ ಹೋಗಿ ಪುಣೆ ಬೆಂಗಳೂರು ಸೇರಿದ ನನ್ನ ಹಳೆಯ ವಿದ್ಯಾರ್ಥಿಗಳು ಹಬ್ಬಕ್ಕೆ ಬಂದಾಗ ಮಾತನಾಡಿಸಿದರೂ ಅದೇ ಸಂಗತಿ ಬಿಟ್ಟುಹೋಗಿರುತ್ತದೆ. ಹಾಗಾಗಿ ಇದು ಮನೆಯ ಜಗಳವಲ್ಲ, ಬರೆಯಲೇಬೇಕು ಅನ್ನಿಸಿತು.

ಮೊದಲು ಕೋಡಿಂಗ್ ವಿಚಾರ. “ದೊಡ್ಡವ್ವಾ, ಕೋಡಿಂಗ್ ಅಂದ್ರ ಏನೂ ದೊಡ್ಡದಿಲ್ಲರಿ, ಅಡಗಿ ಮಾಡಿದಂಗ. ಒಂದರ ಮ್ಯಾಲ ಒಂದು ಹಂತ ಬರಕೋತ ಹೋಗೂದು. ನಿಮ್ಮ ಸಾಲಿ ಹುಡುಗರಿಗೆಲ್ಲಾ ಕಲಸ್ರಿ” ಎನ್ನುತ್ತಾನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಆರನೆಯ ತರಗತಿಯ ಮೇಲಿನ ಮಕ್ಕಳಿಗೆ ಕೋಡಿಂಗ್ ಚಟುವಟಿಕೆ ಬೇಕೆಂದು ಬರೆದಿದ್ದಾರೆ. ಬೇಡವೆಂದು ನಾನೆಲ್ಲಿ ಅಂದೆ? ಮಗು ಹಂತ ಹಂತವಾಗಿ ಯೋಚಿಸುವುದನ್ನು ಕಲಿತರೆ ನನಗಿಂತ ಸಂತೋಷಪಡುವವರು ಯಾರು? ಆದರೆ ನಾನು ಪಾಠ ಮಾಡುವುದು ಎಂಥ ಮಕ್ಕಳಿಗೆ ಎಂಬುದನ್ನು ಅವನು ಕೇಳುವುದೇ ಇಲ್ಲ. ದ್ರಾಕ್ಷಿ ತೋಟಗಳ ಚಾಟ್ನಿ ಸುರುವಾಯಿತೆಂದರೆ ನನ್ನ ಹಾಜರಿ ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರಿನ ಮುಂದೆ ಗೈರುಹಾಜರಿ ಸುರು. ತಾಯಿ ತೋಟಕ್ಕೆ ಕೂಲಿಗೆ ಹೋದರೆ ಚಿಕ್ಕ ತಮ್ಮನನ್ನು ನೋಡಿಕೊಳ್ಳಲು, ರೊಟ್ಟಿ ಬಡಿಯಲು ಎಂಟನೆತ್ತೆಯ ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಆಕೆಯ ಅಣ್ಣ ಸಾಲಿಗೆ ಬರುತ್ತಾನೆ. ನಾಳೆ ಕೋಡಿಂಗ್ ಕಲಿಸಿದರೂ ಕಲಿಯುವವನು ಯಾರು, ಅವನು ಕಲಿಯಲೆಂದು ಒಲೆಯ ಮುಂದೆ ಕೂಡುವವಳು ಯಾರು?

ಇನ್ನು “ಅಡಗಿ ಮಾಡಿದಂಗ” ಎಂಬ ಮಾತು. ಈ ಹೋಲಿಕೆ ಕೇಳಿದಾಗಲೆಲ್ಲ ನನಗೆ ಅಮೆರಿಕದ ಒಂದು ಕಥೆ ನೆನಪಾಗುತ್ತದೆ. 1946ರ ಫೆಬ್ರುವರಿಯಲ್ಲಿ ಅಲ್ಲಿ ಎನಿಯಾಕ್ ಎಂಬ ಕೋಣೆಯಷ್ಟು ದೊಡ್ಡ ಕಂಪ್ಯೂಟರನ್ನು ಜನರ ಮುಂದೆ ತೋರಿಸಿದರು. ಆ ಯಂತ್ರಕ್ಕೆ ಲೆಕ್ಕ ಕಲಿಸಿದವರು ಆರು ಜನ ಹೆಣ್ಣುಮಕ್ಕಳು. ಯಂತ್ರ ಕಟ್ಟುವುದು ಗಂಡಸರ ಘನ ಕೆಲಸ, ಅದಕ್ಕೆ ಲೆಕ್ಕ ಹೇಳಿಕೊಡುವುದು ಗುಮಾಸ್ತಿಕೆ, ಅದನ್ನು ಹುಡುಗಿಯರು ಮಾಡಲಿ ಎಂಬುದು ಆಗಿನ ಎಣಿಕೆ. ಆ ಸಮಾರಂಭದಲ್ಲಿ ಆ ಆರು ಜನರ ಹೆಸರನ್ನು ಯಾರೂ ಹೇಳಲಿಲ್ಲ. ಮುಂದೆ ಅದೇ ಗುಮಾಸ್ತಿಕೆಗೆ ಪಗಾರ ಬಂತು, ಮಾನ ಬಂತು, ನೋಡನೋಡುತ್ತಿದ್ದಂತೆ ಅದು ಗಂಡಸರ ಕೆಲಸವಾಯಿತು! ಕೋಡಿಂಗ್ ಅಡುಗೆಯಂತೆ ಎನ್ನುವ ನನ್ನ ತಂಗಿಯ ಮಗನನ್ನು ಒಮ್ಮೆ ಕೇಳಿದೆ: “ಹಂಗಾದ್ರ ತಮ್ಮಾ, ನಿನಗ ತಿಂಗಳಾ ಪಗಾರ ಬರತೈತಿ, ನಿಮ್ಮವ್ವಗ ಯಾಕ ಬರೂದಿಲ್ಲ?” ನಕ್ಕುಬಿಟ್ಟ. ನಾನು ನಗಲಿಕ್ಕೆ ಕೇಳಿರಲಿಲ್ಲ.

ಎರಡನೆಯದು ಊಟ. ಇದರಲ್ಲಂತೂ ಹುಡುಗ ಮೂರು ಸಲ ಮತ ಬದಲಿಸಿದ್ದಾನೆ. ಮೊದಲು ರೊಟ್ಟಿ ಅನ್ನ ಎರಡೂ ವಿಷ, ಬರೀ ಮೊಟ್ಟೆ, ಪನೀರು, ಡಬ್ಬಿಯಲ್ಲಿ ಬರುವ ಪ್ರೋಟೀನ್ ಪುಡಿ. ಆಮೇಲೆ ದಿನಕ್ಕೆ 16 ತಾಸು ಉಪವಾಸ, ಉಳಿದ 8 ತಾಸಿನಲ್ಲಿ ಊಟ. ಅದೇನೋ ಹೊಸ ವಿದ್ಯೆ ಎಂಬಂತೆ ನನಗೆ ವಿವರಿಸಿದ. ಗಂಡ ಉಂಡು, ಮಕ್ಕಳು ಉಂಡು, ಅತ್ತೆ ಮಾವ ಉಂಡು, ಬುಟ್ಟಿಯಲ್ಲಿ ಉಳಿದದ್ದನ್ನು ಮಧ್ಯಾಹ್ನ ಮೂರಕ್ಕೆ ಉಣ್ಣುವ ಎಷ್ಟು ಹೆಂಗಸರನ್ನು ನಾನು ಕಂಡಿಲ್ಲ? ಅವರ ಉಪವಾಸಕ್ಕೆ ಯಾರೂ ಇಂಗ್ಲಿಷ್ ಹೆಸರು ಕೊಡಲಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ. ಇವರಿಗೆ ಉಪವಾಸ ಬೋಧಿಸಬೇಕೇ? ಹೊತ್ತಿಗೆ ಸರಿಯಾಗಿ ಉಣ್ಣಿ, ಉಂಡ ಕೂಡಲೇ ಚಹಾ ಕುಡಿಯಬೇಡಿ, ಅದು ಊಟದಲ್ಲಿನ ಕಬ್ಬಿಣದ ಅಂಶವನ್ನು ಮೈಗೆ ಹತ್ತಗೊಡುವುದಿಲ್ಲ ಎಂದು ಹೇಳುವುದು ಬಿಟ್ಟು!

ಮೂರನೆಯ ಸಲ ಅವನಿಗೆ ಜೋಳದ ಜ್ಞಾನೋದಯವಾಯಿತು. 2023ನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತಲ್ಲ, ಆಗ. “ದೊಡ್ಡವ್ವಾ, ಜೋಳದಾಗ ಗ್ಲೂಟೆನ್ ಇಲ್ಲರಿ, ಸೂಪರ್ ಫುಡ್ ಐತಿ!” ಡೋಣಿ ನದಿಯ ದಂಡೆಯ ಕರಿ ಎರೆಭೂಮಿಯಲ್ಲಿ ಬೆಳೆದ ಬಿಳಿಜೋಳ ತಿಂದು ಬೆಳೆದವರಿಗೆ ಬೆಂಗಳೂರಿನಿಂದ ಬಂದ ಸುದ್ದಿ ಇದು! ಗ್ಲೂಟೆನ್ ಇಲ್ಲ, ನಿಜ. ಅದಕ್ಕೇ ಅಲ್ಲವೇ ಜೋಳದ ಹಿಟ್ಟನ್ನು ಗೋಧಿ ಹಿಟ್ಟಿನಂತೆ ತಣ್ಣೀರಿನಲ್ಲಿ ಕಲಸಿ ಲಟ್ಟಿಸಲು ಬರುವುದಿಲ್ಲ? ಕುದಿಯುವ ಎಸರು ಹಾಕಬೇಕು, ಆಗ ಹಿಟ್ಟಿನೊಳಗಿನ ಪಿಷ್ಟ ಬೆಂದು ಜಿಗಿ ಬರುತ್ತದೆ. ಕೈ ಸುಡುತ್ತಿರುವಾಗಲೇ ನಾದಬೇಕು. ಹಿಟ್ಟು ಹಳತಾಗಿದ್ದರೆ ರೊಟ್ಟಿ ಬಡಿಯುವಾಗಲೇ ಅಂಚು ಬಿರಿಯುತ್ತದೆ. ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿ, ಆ ನೀರು ಆರುವ ಹೊತ್ತು ನೋಡಿ ತಿರುವಬೇಕು. ಒಂದು ಚಣ ಆಚೀಚೆಯಾದರೂ ರೊಟ್ಟಿ ಉಬ್ಬುವುದಿಲ್ಲ. ಇದನ್ನೆಲ್ಲ ಯಾರೂ ಬರೆದಿಟ್ಟಿಲ್ಲ, ಯಾರೂ ಸರ್ಟಿಫಿಕೇಟು ಕೊಟ್ಟಿಲ್ಲ. ಹಾಗೆಯೇ ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಳೆಕಾಳಿನಲ್ಲಿ ಅದು ಹೆಚ್ಚು. ರೊಟ್ಟಿಗೆ ಝುಣಕ, ಮಡಿಕೆ ಕಾಳಿನ ಪಲ್ಯ, ತೊಗರಿಬೇಳೆ ಸಾರು ಜೊತೆಮಾಡಿದ ನಮ್ಮ ಅಜ್ಜಿಯರಿಗೆ ಲೈಸಿನ್ ಹೆಸರು ಗೊತ್ತಿರಲಿಲ್ಲ. ಅಗಸೆ ಚಟ್ನಿ, ಗುರೆಳ್ಳು ಹಿಂಡಿ ತಟ್ಟೆಯಲ್ಲಿ ಇರಲೇಬೇಕೆಂದವರೂ ಅವರೇ. ಈಗ ಅದೇ ಅಗಸೆಯನ್ನು ಸಣ್ಣ ಪ್ಯಾಕೆಟ್ಟಿನಲ್ಲಿ ತುಂಬಿ ದೊಡ್ಡ ಊರಿನ ಅಂಗಡಿಗಳಲ್ಲಿ ಮಾರುತ್ತಾರೆ, ನಾವು ಹಿಗ್ಗಿ ಕೊಳ್ಳುತ್ತೇವೆ. ಅದಿರಲಿ. ಜೋಳ ಒಳ್ಳೆಯದೆಂದು ಹುಡುಗ ಈಗಲಾದರೂ ಒಪ್ಪಿಕೊಂಡನಲ್ಲ ಎಂದು ಸಮಾಧಾನ ಪಡುವಷ್ಟರಲ್ಲಿ, ದಿನಕ್ಕೆ ಎರಡು ಹೊತ್ತು ಬಿಸಿ ರೊಟ್ಟಿ ಬೇಕೆಂದು ತಾಯಿಗೆ ಹೇಳಿದನಂತೆ. ನನ್ನ ತಂಗಿಗೆ ಮೊಣಕಾಲು ನೋವು. ಬಡಿಯುವವಳು ಅವಳೇ.

ಇನ್ನು ಮೂರನೆಯದು, ವ್ಯಾಪಾರ. ಇವರ ಪ್ರಕಾರ ನೌಕರಿ ಮಾಡುವವರು ದಡ್ಡರು, ಎಲ್ಲರೂ ಬಿಸಿನೆಸ್ ಸುರು ಮಾಡಬೇಕು, ಮಾಡಿ ಬೇಗ ಬೇಗ ಬೆಳೆಸಬೇಕು. ಬೇಗ ಬೆಳೆದವರ ಕಥೆಯೂ ಕಣ್ಣ ಮುಂದೆಯೇ ಇದೆ. ಬೆಂಗಳೂರಿನ ಬೈಜೂಸ್ ಕಂಪನಿ 2020ರಲ್ಲಿ, ಪುಟ್ಟ ಮಕ್ಕಳಿಗೆ ಕೋಡಿಂಗ್ ಕಲಿಸುತ್ತೇವೆನ್ನುತ್ತಿದ್ದ ವೈಟ್‌ಹ್ಯಾಟ್ ಜೂನಿಯರನ್ನು 30 ಕೋಟಿ ಡಾಲರಿಗೆ ಕೊಂಡಿತು. 2024ರ ಜುಲೈನಲ್ಲಿ ಅದೇ ಬೈಜೂಸ್ ಮೇಲೆ ದಿವಾಳಿ ಪ್ರಕ್ರಿಯೆ ಸುರುವಾಯಿತು. ಇದನ್ನು ಹೇಳಿದರೆ ಹುಡುಗ ಮಾತು ಬದಲಿಸುತ್ತಾನೆ.

ನಮ್ಮ ಓಣಿಯಲ್ಲಿ ಒಬ್ಬ ಬಾಯಿ ಇದ್ದಾಳೆ. ಗಂಡ ತೀರಿಕೊಂಡ ಮೇಲೆ ಖಾನಾವಳಿಗಳಿಗೂ ಲಗ್ನದ ಮನೆಗಳಿಗೂ ರೊಟ್ಟಿ ಬಡಿದು ಕೊಟ್ಟೇ ಎರಡು ಮಕ್ಕಳನ್ನು ಓದಿಸಿದವಳು. ಆಕೆಯ ಕಟಕ್ ರೊಟ್ಟಿಯನ್ನು ವೆಬ್‌ಸೈಟ್ ಮಾಡಿ ಬೆಂಗಳೂರು, ಪುಣೆಗೆಲ್ಲ ಮಾರೋಣವೆಂದು ನನ್ನ ತಂಗಿಯ ಮಗ ಯೋಜನೆ ಹಾಕಿದ. ಒಳ್ಳೆಯದೇ. ಲೆಕ್ಕ ತೋರಿಸೆಂದೆ. ಲ್ಯಾಪ್‌ಟಾಪಿನಲ್ಲಿ ಅಂದವಾದ ಪಟ್ಟಿ ಇತ್ತು. ಜೋಳ, ಗಿರಣಿ, ಗ್ಯಾಸು, ಪೆಟ್ಟಿಗೆ, ಕೊರಿಯರ್, ವೆಬ್‌ಸೈಟಿನ ವಾರ್ಷಿಕ ಬಾಡಿಗೆ, ಜಾಹೀರಾತು, ಒಂದೊಂದಕ್ಕೂ ಒಂದೊಂದು ಸಾಲು. ಪರೀಕ್ಷೆಯ ಪೇಪರು ತಿದ್ದುವ ಕಣ್ಣು ನನ್ನದು, ಎರಡು ಸಲ ಮೇಲಿನಿಂದ ಕೆಳಗೆ ನೋಡಿದೆ. ಬಡಿಯುವ ಕೂಲಿಯ ಸಾಲು ಇರಲಿಲ್ಲ.

“ಅದು ಯಾಕರಿ ದೊಡ್ಡವ್ವಾ? ಆಕಿ ಹೆಂಗೂ ಮನ್ಯಾಗ ಇರತಾಳಲ್ಲ.”

ಹೆಂಗೂ ಮನ್ಯಾಗ ಇರತಾಳಲ್ಲ! ಮನೆಯಲ್ಲೇ ಕುಳಿತು ಕೋಡ್ ಬರೆದು ಪಗಾರ ಎಣಿಸುವ ಹುಡುಗ ಆಡಿದ ಮಾತು ಇದು. ಮನೆಯಿಂದ ಮಾಡಿದರೂ ಅವನದು ಕೆಲಸ, ಆಕೆಯದು ಮನೆಯಲ್ಲಿ ಇರುವುದು. ನಾನು ಅವನ ಎದುರಿಗೇ ಲೆಕ್ಕ ಮಾಡಿದೆ. ಒಂದು ರೊಟ್ಟಿ ಬಡಿದು ಬೇಯಿಸಲು ಪಳಗಿದ ಕೈಗೂ ಎರಡು ನಿಮಿಷ ಹಿಡಿಯಿರಿ. ನೂರು ರೊಟ್ಟಿಗೆ 200 ನಿಮಿಷ, ಅಂದರೆ 3 ತಾಸು 20 ನಿಮಿಷ. ಜೋಳ ಹಸನು ಮಾಡುವುದು, ಬೀಸಿಸಿಕೊಂಡು ಬರುವುದು, ರೊಟ್ಟಿಯನ್ನು ಕಟಕ್ ಆಗುವಂತೆ ಒಣಗಿಸುವುದು ಇದರ ಹೊರಗೆ. ಆ ಸಾಲು ಸೇರಿಸಿ ಕೂಡಿಸು ಎಂದೆ. ಕೂಡಿಸಿದ. ಲಾಭದ ಸಾಲು ಹೋಗಿ ನಷ್ಟದ ಸಾಲಾಯಿತು. “ಹಿಂಗಾದ್ರ ಬಿಸಿನೆಸ್ ನಡ್ಯೂದಿಲ್ಲರಿ” ಎಂದ. ನನ್ನ ವಾದವೂ ಅದೇ. ಅವನು ಲಾಭವೆಂದು ತೋರಿಸಿದ್ದು ಆಕೆಗೆ ಕೊಡದೇ ಉಳಿಸಿಕೊಂಡ ಕೂಲಿ, ಬೇರೇನೂ ಅಲ್ಲ.

ಕೇಂದ್ರ ಸರ್ಕಾರವೇ 2024ರಲ್ಲಿ ಜನ ತಮ್ಮ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿಸಿದೆ. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಕಳೆದು ನೋಡಿ, ವ್ಯತ್ಯಾಸ 201 ನಿಮಿಷ. ನನ್ನ ಲೆಕ್ಕದ ನೂರು ರೊಟ್ಟಿಯ ಹೊತ್ತು! ದಿನಾ ನೂರು ರೊಟ್ಟಿಯಷ್ಟು ಹೊತ್ತು ಈ ದೇಶದ ಹೆಣ್ಣು ಗಂಡಿಗಿಂತ ಹೆಚ್ಚು ದುಡಿಯುತ್ತಾಳೆ, ಪುಕ್ಕಟೆ.

ಕೂಲಿ ಕೊಡುವಲ್ಲಿಯಾದರೂ ನ್ಯಾಯವಿದೆಯೇ? ತಿಕೋಟಾ, ಬಬಲೇಶ್ವರದ ಕಡೆ ಬೇಸಿಗೆಗೆ ಮುಂಚೆ ಹೋದವರು ಒಣದ್ರಾಕ್ಷಿಯ ಶೆಡ್ಡುಗಳನ್ನು ನೋಡಿರುತ್ತೀರಿ. ದ್ರಾಕ್ಷಿಯನ್ನು ಔಷಧದ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಬಲೆಯ ಅಟ್ಟಗಳ ಮೇಲೆ ಎರಡು ವಾರಗಳ ಮೇಲೆ ಒಣಗಿಸುತ್ತಾರೆ. ಸುಮಾರು ನಾಲ್ಕು ಕಿಲೋ ಹಣ್ಣು ಒಣಗಿ ಒಂದು ಕಿಲೋ ಆಗುತ್ತದೆ. ಆಮೇಲೆ ತೊಟ್ಟು ಬಿಡಿಸಿ, ಬಣ್ಣ ಗಾತ್ರ ನೋಡಿ ಆರಿಸುವವರು ಸಾಲಾಗಿ ಕುಳಿತ ಹೆಂಗಸರು. ಆರಿಸಿದ ಮೇಲೆಯೇ ಮಾಲಿಗೆ ದರ. ಮಹಾರಾಷ್ಟ್ರದ ತಾಸಗಾಂವ, ಸಾಂಗಲಿ ಪೇಟೆಯ ದರವನ್ನು ಹುಡುಗರು ಮೊಬೈಲಿನಲ್ಲಿ ನಿಮಿಷಕ್ಕೊಮ್ಮೆ ನೋಡುತ್ತಾರೆ. ಆ ಸಾಲಿನಲ್ಲಿ ಕುಳಿತವರ ಕೂಲಿ ಕಳೆದ ವರ್ಷ ಎಷ್ಟಿತ್ತು, ಈ ವರ್ಷ ಎಷ್ಟಾಯಿತು ಎಂದು ಅವರನ್ನೇ ಕೇಳಿ ನೋಡಿ. ಸಮಾನ ವೇತನದ ಕಾನೂನು 1976ರಲ್ಲೇ ಬಂತು. ಗಂಡಾಳಿನ ಕೂಲಿ, ಹೆಣ್ಣಾಳಿನ ಕೂಲಿ ಎಂಬ ಎರಡು ಮಾತು ನಮ್ಮ ಹೊಲಗಳಲ್ಲಿ ಇನ್ನೂ ಹೋಗಿಲ್ಲ.

ಇಷ್ಟು ಹೇಳಿದರೆ “ನಿಮಗ ಕಂಪ್ಯೂಟರ್ ಅಂದ್ರ ಆಗೂದಿಲ್ಲ” ಎಂಬ ಆರೋಪ ಸಿದ್ಧವಾಗಿರುತ್ತದೆ. ಯಾಕೆ ಆಗುವುದಿಲ್ಲ? ಕಾಯಿಪಲ್ಯ ಮಾರುವವಳಿಗೆ ನಾನು ಮೊಬೈಲಿನಿಂದಲೇ ರೊಕ್ಕ ಕೊಡುತ್ತೇನೆ. ಪಕ್ಕದ ಕಲಬುರಗಿಯ ಹೆಂಗಸರು ಜೋಳದ ರೊಟ್ಟಿಗೆ ಸಹಕಾರ ಸಂಘ ಕಟ್ಟಿಕೊಂಡು, ತಮ್ಮ ಊರಿನ ಹೆಸರಿನಲ್ಲೇ ಆನ್‌ಲೈನಿನಲ್ಲಿ ಮಾರುತ್ತಿದ್ದಾರೆ. ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಮಾಡುತ್ತಾರೆಂದು 2025ರ ಜೂನ್ ತಿಂಗಳ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಗಳೇ ಹೇಳಿದರು. ಅಲ್ಲಿಯೂ ವೆಬ್‌ಸೈಟ್ ಇದೆ, ಕೊರಿಯರ್ ಇದೆ. ಆದರೆ ಸಂಘ ಬಡಿಯುವವರದು. ವ್ಯತ್ಯಾಸ ಅಲ್ಲಿದೆ.

ತಪ್ಪೆಲ್ಲ ಹುಡುಗರದೇ ಎಂದರೆ ನಾವು ತಪ್ಪಿಸಿಕೊಂಡಂತಾದೀತು, ಗೆಳತಿಯರೇ. ಮಗಳ ಲಗ್ನಕ್ಕೆ ಐದು ನೂರು ರೊಟ್ಟಿ ಹೇಳುವಾಗ ಚೌಕಾಸಿ ಮಾಡುವವರು ಯಾರು? ಬಂಗಾರದ ಅಂಗಡಿಯಲ್ಲಿ ಮಜೂರಿ ಎಷ್ಟು ಹಾಕಿದರೂ ತುಟಿ ಬಿಚ್ಚದ ನಾವು, ರೊಟ್ಟಿಯವಳ ಹತ್ತಿರ ಎಂಟಾಣೆಗೆ ಜಗ್ಗಾಡುತ್ತೇವೆ.

ಓಣಿಯ ಬಾಯಿ, ಆಕೆಯ ಜೊತೆ ಇನ್ನೂ ನಾಲ್ವರು ಹೆಂಗಸರು ಈಗ ಒಂದು ವಹಿ ಮಾಡಿದ್ದಾರೆ. ಬರೆದುಕೊಟ್ಟವಳು ನಾನು. ಮೊದಲ ಸಾಲಿನಲ್ಲಿ ಬಡಿಯುವ ಕೂಲಿ, ಆಮೇಲೆ ಜೋಳ, ಗಿರಣಿ, ಗ್ಯಾಸು. ಆ ಸಾಲಿನಲ್ಲಿ ಎಷ್ಟು ಬರೆಯಬೇಕೆಂಬುದು ಮಾತ್ರ ಇನ್ನೂ ಗಟ್ಟಿಯಾಗಿಲ್ಲ. ಹಿರಿಯಳಾದ ಬಾಯಿ ಒಂದು ದರ ಹೇಳುತ್ತಾಳೆ. ಅವರಲ್ಲಿ ಎಲ್ಲರಿಗಿಂತ ಚಿಕ್ಕವಳು, ಕೈಗೂಸಿನ ತಾಯಿ, ಅಷ್ಟು ಹೇಳಿದರೆ ಖಾನಾವಳಿಯವರು ಪಕ್ಕದ ಓಣಿಗೆ ಹೋಗುತ್ತಾರೆಂದು ಹೆದರುತ್ತಾಳೆ. ಪಕ್ಕದ ಓಣಿಯವರನ್ನೂ ಕರೆದು ಕೂಡಿಸಿ ಎಂದಿದ್ದೇನೆ.